ಕಾಲ್ಚೆಂಡಿನ ಗುರು ರಹೀಮ್

ಒಂದು ದೇಶದ ಜನ ಯಾವ ಆಟವನ್ನು ತಮ್ಮದೆಂದು ಅಪ್ಪಿಕೊಳ್ಳುತ್ತಾರೆಂಬುದು ಆಜ್ಞೆಯಿಂದ ನಿರ್ಧಾರವಾಗುವ ಸಂಗತಿಯಲ್ಲ. 1928ರಲ್ಲಿ ಆಂಸ್ಟರ್‌ಡ್ಯಾಮ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಹಾಕಿ ತಂಡ ಚಿನ್ನದ ಪದಕವನ್ನು ಗೆದ್ದಿತು. ಅಲ್ಲಿಂದ 1956ರವರೆಗೆ ನಡೆದ ಆರು ಒಲಿಂಪಿಕ್‌ಗಳಲ್ಲಿಯೂ ಹಾಕಿಯ ಚಿನ್ನ ಭಾರತದ ಪಾಲಾಯಿತು. ಪರರ ಆಳ್ವಿಕೆಯಲ್ಲಿ ನೊಂದಿದ್ದ ಜನತೆಗೆ ಈ ಗೆಲುವುಗಳು ತಲೆಯೆತ್ತಿ ನಿಲ್ಲುವ ಧೈರ್ಯವನ್ನು ಕೊಟ್ಟವು. ಹಾಕಿ ಭಾರತೀಯರ ಅಭಿಮಾನದ ಆಟವಾಯಿತು.

ಆದರೆ ಇದೇ ದೇಶದಲ್ಲಿ ಇನ್ನೊಂದು ಆಟವೂ ಜನರ ಮನಸ್ಸನ್ನು ಸೆಳೆದಿತ್ತು. ಅದೇ ಕಾಲ್ಚೆಂಡಾಟ. 1911ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡ ಆಂಗ್ಲ ಸೈನಿಕರ ತಂಡವೊಂದನ್ನು ಸೋಲಿಸಿ ಷೀಲ್ಡನ್ನು ಗೆದ್ದಾಗ ಬಂಗಾಳವೆಲ್ಲ ಹಿಗ್ಗಿತು. ಕಲ್ಕತ್ತ, ಹೈದರಾಬಾದು, ಬೆಂಗಳೂರು, ಗೋವ, ಮಲಬಾರು ಮುಂತಾದ ಕಡೆಗಳಲ್ಲಿ ಸಾವಿರಾರು ಜನ ಈ ಆಟವನ್ನು ನೋಡಲು ನೆರೆಯುತ್ತಿದ್ದರು. ಆಡಲು ಒಂದು ಚೆಂಡು, ಒಂದು ಬಯಲು ಇದ್ದರೆ ಸಾಕು. ಬಡವರ ಮಕ್ಕಳಿಗೂ ಅದು ಎಟಕುವ ಆಟ. ಹೀಗಿದ್ದರೂ ಹೊರದೇಶಗಳಲ್ಲಿ ಭಾರತದ ಕಾಲ್ಚೆಂಡಿಗೆ ಹೆಸರಿರಲಿಲ್ಲ. ಈ ಆಟ ಹಾಕಿಗೆ ಸಮನಾಗಿ ನಿಲ್ಲಬಲ್ಲುದೇ? ಒಂದು ದಿನ ಅದನ್ನು ಮೀರಬಲ್ಲುದೇ? ಹೈದರಾಬಾದಿನ ಶಾಲಾ ಶಿಕ್ಷಕರೊಬ್ಬರು ತಮ್ಮ ದುಡಿಮೆಯಿಂದ ಈ ಪ್ರಶ್ನೆಯನ್ನು ದೇಶದ ಮುಂದೆ ಇಟ್ಟರು. ಅವರೇ ಸೈಯದ್ ಅಬ್ದುಲ್ ರಹೀಮ್.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಅವರು ಉತ್ತಮ ಆಟಗಾರರೆನಿಸಿಕೊಂಡಿದ್ದರು. ಓದು ಮುಗಿದ ಮೇಲೆ ಶಿಕ್ಷಕ ವೃತ್ತಿಯನ್ನು ಕೈಗೊಂಡರು. ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಪಡೆದು ಶಾಲಾ ಬಾಲಕರಿಗೆ ಆಟವನ್ನು ಕಲಿಸತೊಡಗಿದರು. ಪಾಠ ಹೇಳುವವನ ತಾಳ್ಮೆ ಹಾಗೂ ಶಿಸ್ತು ಅವರಿಗೆ ಸಹಜವಾಗಿದ್ದವು. ಎದುರಿಗಿರುವ ಹುಡುಗನಲ್ಲಿ ಯಾವ ಗುಣವಿದೆ, ಯಾವ ಕೊರತೆಯಿದೆ ಎಂಬುದನ್ನು ಗುರುತಿಸುವ ಕಣ್ಣು ಅವರದಾಗಿತ್ತು.

1943ರಲ್ಲಿ ರಹೀಮರು ಹೈದರಾಬಾದಿನ ಕಾಲ್ಚೆಂಡು ಸಂಸ್ಥೆಯ ಕಾರ್ಯದರ್ಶಿಯಾದರು. ಆಗ ನಮ್ಮ ಆಟಗಾರರಲ್ಲಿ ಹಲವರು ಚೆಂಡನ್ನು ಬಹುಹೊತ್ತು ಕಾಲಿನಲ್ಲಿಯೇ ಇಟ್ಟುಕೊಂಡು ಒಬ್ಬಂಟಿಯಾಗಿ ಮುನ್ನುಗ್ಗುವುದನ್ನೇ ಕೌಶಲವೆಂದು ತಿಳಿದಿದ್ದರು. ರಹೀಮರು ಈ ರೂಢಿಯನ್ನು ಬದಲಿಸಿದರು. ಬಂದ ಚೆಂಡನ್ನು ತಡಮಾಡದೆ ಜೊತೆಗಾರನಿಗೆ ಸಾಗಿಸಬೇಕು, ಸಾಗಿಸಿದ ಕೂಡಲೇ ತಾನು ಹೊಸ ಜಾಗಕ್ಕೆ ಓಡಬೇಕು ಎಂಬುದು ಅವರ ಪಾಠ. ಬಲಗಾಲಿನಲ್ಲಿ ಮಾತ್ರ ಒದೆಯಬಲ್ಲವರಿಗೆ ಎಡಗಾಲನ್ನೂ ಪಳಗಿಸಲು ಅವರು ಅಭ್ಯಾಸ ಮಾಡಿಸುತ್ತಿದ್ದರು. ಇಂತಹ ಶಿಕ್ಷಣದ ಫಲವಾಗಿ ಅವರ ಕೈಕೆಳಗೆ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ, 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು.

ಬಡತನ ಯಾರ ಪ್ರತಿಭೆಯನ್ನೂ ಹೊಸಕಿಹಾಕಬಾರದೆಂಬುದು ರಹೀಮರ ನಿಲುವು. ಸಿಕಂದರಾಬಾದಿನ ಸಮೀಪದ ಬಡ ಕುಟುಂಬದ ತುಳಸೀದಾಸ್ ಬಲರಾಮ್ ಎಂಬ ಹುಡುಗನ ಆಟವನ್ನು ಅವರು ಮೆಚ್ಚಿದರು. ಅಭ್ಯಾಸದ ಮೈದಾನಕ್ಕೆ ದಿನವೂ ಬರಲು ಆ ಹುಡುಗನ ಬಳಿ ಹಣವಿರಲಿಲ್ಲ. ಆಗ ಬಾಡಿಗೆ ಸೈಕಲ್ಲಿನ ವೆಚ್ಚವನ್ನು ರಹೀಮರೇ ತಮ್ಮ ಕೈಯಿಂದ ಕೊಟ್ಟರು. ಮುಂದೆ ಬಲರಾಮರು ಭಾರತದ ಶ್ರೇಷ್ಠ ಆಟಗಾರರ ಸಾಲಿಗೆ ಸೇರಿದರು.

ಸ್ವತಂತ್ರ ಭಾರತದ ತಂಡವನ್ನು ಪಳಗಿಸುವ ಹೊಣೆ ರಹೀಮರ ಪಾಲಿಗೆ ಬಂದಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಭಾರತ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನ ಪಡೆಯಿತು. ಬೆಂಗಳೂರಿನ ಅಹಮದ್ ಖಾನರು ಆ ತಂಡದಲ್ಲಿದ್ದರು. ಆದರೆ ಮರುವರ್ಷವೇ ದೊಡ್ಡ ಪೆಟ್ಟು ಬಿದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್‌ನಲ್ಲಿ ಯುಗೊಸ್ಲಾವಿಯ ತಂಡ ಭಾರತದ ವಿರುದ್ಧ ಹತ್ತು ಗೋಲುಗಳನ್ನು ಹೊಡೆಯಿತು; ಭಾರತಕ್ಕೆ ದಕ್ಕಿದ್ದು ಒಂದೇ ಗೋಲು. ಆ ಚಳಿಯ ನಾಡಿನಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಅದೇ ಒಲಿಂಪಿಕ್‌ನಲ್ಲಿ ಹಾಕಿ ತಂಡ ಐದನೆಯ ಬಾರಿಗೆ ಚಿನ್ನವನ್ನು ತಂದಿತು. ಎರಡು ಆಟಗಳ ನಡುವಣ ಅಂತರ ಎಲ್ಲರ ಕಣ್ಣಿಗೂ ಕಾಣುವಂತಿತ್ತು.

ರಹೀಮರು ಎದೆಗುಂದಲಿಲ್ಲ. ಈ ಸೋಲಿನ ಬಳಿಕ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು. ಯೂರೋಪಿನ ತಂಡಗಳು, ಅದರಲ್ಲಿಯೂ ಹಂಗರಿಯವರು, ಆಟಗಾರರನ್ನು ಮೈದಾನದಲ್ಲಿ ನಿಲ್ಲಿಸುತ್ತಿದ್ದ ಹೊಸ ಕ್ರಮವನ್ನು ರಹೀಮರು ಗಮನವಿಟ್ಟು ಅಧ್ಯಯನ ಮಾಡಿದರು. ಅದನ್ನು ತಮ್ಮ ಆಟಗಾರರ ಶಕ್ತಿಗೆ ತಕ್ಕಂತೆ ಮಾರ್ಪಡಿಸಿ ಕಲಿಸಿದರು.

ಇದರ ಫಲ 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್‌ನಲ್ಲಿ ಕಾಣಿಸಿತು. ಭಾರತ ಆತಿಥೇಯ ಆಸ್ಟ್ರೇಲಿಯವನ್ನು ನಾಲ್ಕು ಗೋಲುಗಳಿಗೆ ಎರಡರಂತೆ ಸೋಲಿಸಿತು. ಅದರಲ್ಲಿ ಮೂರು ಗೋಲುಗಳನ್ನು ನೆವಿಲ್ ಡಿಸೋಜ ಒಬ್ಬರೇ ಹೊಡೆದರು. ಮೈಸೂರು ರಾಜ್ಯದ ಕೆಂಪಯ್ಯನವರು ಆ ತಂಡದ ಆಟಗಾರರಲ್ಲಿ ಒಬ್ಬರು. ಮುಂದಿನ ಪಂದ್ಯಗಳಲ್ಲಿ ಯುಗೊಸ್ಲಾವಿಯ ಮತ್ತು ಬಲ್ಗೇರಿಯ ತಂಡಗಳಿಗೆ ಸೋತರೂ ಭಾರತ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತ ಏರಿದ ಅತ್ಯುನ್ನತ ಸ್ಥಾನ ಇದೇ. 1960ರ ರೋಮ್ ಒಲಿಂಪಿಕ್‌ನಲ್ಲಿ ಭಾರತ ಬಲಿಷ್ಠ ಫ್ರಾನ್ಸ್ ತಂಡದೊಡನೆ ಸಮಬಲ ಸಾಧಿಸಿತು. ಅದೇ ನಗರದಲ್ಲಿ ಭಾರತದ ಹಾಕಿ ತಂಡ ಪಾಕಿಸ್ತಾನಕ್ಕೆ ಸೋತು, ಮೂವತ್ತೆರಡು ವರ್ಷ ಕಾಪಾಡಿಕೊಂಡಿದ್ದ ಚಿನ್ನವನ್ನು ಕಳೆದುಕೊಂಡಿತು. ಒಂದು ಆಟ ಇಳಿಯುತ್ತಿರುವಂತೆಯೂ ಇನ್ನೊಂದು ಏರುತ್ತಿರುವಂತೆಯೂ ಆಗ ತೋರಿತು.

1962ರಲ್ಲಿ ಇಂಡೊನೇಷ್ಯದ ಜಕಾರ್ತದಲ್ಲಿ ಏಷ್ಯನ್ ಕ್ರೀಡೆಗಳು ನಡೆದವು. ಆ ಹೊತ್ತಿಗೆ ಕ್ಯಾನ್ಸರ್ ರೋಗ ರಹೀಮರ ದೇಹವನ್ನು ಒಳಗಿಂದೊಳಗೆ ತಿನ್ನುತ್ತಿತ್ತು. ಆದರೂ ಅವರು ತಂಡದ ಜೊತೆಯನ್ನು ಬಿಡಲಿಲ್ಲ. ಮೊದಲ ಪಂದ್ಯದಲ್ಲಿಯೇ ಭಾರತ ದಕ್ಷಿಣ ಕೊರಿಯಕ್ಕೆ ಸೋತಿತು. ಬಳಿಕ ಥಾಯ್ಲೆಂಡನ್ನೂ ಜಪಾನನ್ನೂ ಗೆದ್ದಿತಾದರೂ, ಹಿಂಭಾಗವನ್ನು ಕಾಯುತ್ತಿದ್ದ ಪಂಜಾಬಿನ ಜರ್ನೈಲ್ ಸಿಂಗರ ತಲೆಗೆ ಗಾಯವಾಗಿ ಹೊಲಿಗೆ ಹಾಕಬೇಕಾಯಿತು. ಅಷ್ಟು ಸಾಲದೆಂಬಂತೆ, ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕ್ರೀಡೆಗಳಿಂದ ಹೊರಗಿಟ್ಟುದನ್ನು ಭಾರತೀಯ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಸ್ಥಳೀಯರು ಭಾರತದ ಮೇಲೆ ಸಿಟ್ಟಾಗಿದ್ದರು.

ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ. ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಹಿಂದಿನ ದಿನ ರಹೀಮರು ಆಟಗಾರರನ್ನು ಬಳಿಗೆ ಕರೆದು, ಚಿನ್ನದ ಪದಕವೊಂದನ್ನೇ ತಮಗೆ ಕಾಣಿಕೆಯಾಗಿ ಕೊಡಬೇಕೆಂದು ಕೇಳಿಕೊಂಡರು. ಗಾಯಗೊಂಡಿದ್ದ ಜರ್ನೈಲ್ ಸಿಂಗರನ್ನು ಅವರು ಕೈಬಿಡಲಿಲ್ಲ. ಹಿಂಭಾಗದಿಂದ ತೆಗೆದು ಮುಂಚೂಣಿಯಲ್ಲಿ ನಿಲ್ಲಿಸಿದರು. ಕ್ರೀಡಾಂಗಣದಲ್ಲಿ ತುಂಬಿದ್ದ ಅಪಾರ ಜನಸ್ತೋಮ ಭಾರತದ ವಿರುದ್ಧ ಕೂಗುತ್ತಿತ್ತು. ಭಾರತಕ್ಕೆ ಬೆಂಬಲವಾಗಿ ದನಿಯೆತ್ತಿದ ಕೆಲವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರೆಂದು ನಮ್ಮ ಆಟಗಾರರು ಮುಂದೆ ನೆನೆದುಕೊಂಡಿದ್ದಾರೆ. ಪ್ರದೀಪ್ ಕುಮಾರ್ ಬ್ಯಾನರ್ಜಿ ಮೊದಲ ಗೋಲನ್ನು ಹೊಡೆದರು. ತಲೆಗೆ ಪೆಟ್ಟು ಬಿದ್ದಿದ್ದ ಜರ್ನೈಲರೇ ಎರಡನೆಯದನ್ನು ಹೊಡೆದರು. ಕೊರಿಯ ಕೊನೆಯಲ್ಲಿ ಒಂದು ಗೋಲನ್ನು ಮಾತ್ರ ಹಿಂದಿರುಗಿಸಿತು. ಚುನಿ ಗೋಸ್ವಾಮಿಯವರ ನಾಯಕತ್ವದ ಭಾರತ ಏಷ್ಯದ ಚಿನ್ನವನ್ನು ಮತ್ತೊಮ್ಮೆ ಗೆದ್ದಿತು. ಅದೇ ಕೂಟದ ಹಾಕಿಯಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತು ಬೆಳ್ಳಿಗೆ ತೃಪ್ತಿಪಡಬೇಕಾಯಿತು. ಜಕಾರ್ತದ ಮಟ್ಟಿಗೆ ಕಾಲ್ಚೆಂಡು ಹಾಕಿಯನ್ನು ಮೀರಿತ್ತು.

ಈ ಸಂತೋಷ ಬಹುಕಾಲ ಬಾಳಲಿಲ್ಲ. 1963ರ ಜೂನ್ 11ರಂದು ರಹೀಮರು ನಿಧನ ಹೊಂದಿದರು. ಆಗ ಅವರಿಗೆ ಐವತ್ತಮೂರು ವರ್ಷ. ಮರುವರ್ಷ ಟೋಕಿಯೊದಲ್ಲಿ ಹಾಕಿ ತಂಡ ಒಲಿಂಪಿಕ್ ಚಿನ್ನವನ್ನು ಮರಳಿ ಪಡೆಯಿತು. ಕಾಲ್ಚೆಂಡು ತಂಡವಾದರೋ 1960ರ ಬಳಿಕ ಒಲಿಂಪಿಕ್ ಅಂಗಳವನ್ನೇ ಮೆಟ್ಟಲಾಗಲಿಲ್ಲ. 1970ರ ಏಷ್ಯನ್ ಕ್ರೀಡೆಗಳಲ್ಲಿ ದೊರೆತ ಕಂಚಿನ ಪದಕ ಅದರ ದೊಡ್ಡ ಸಾಧನೆಗಳಲ್ಲಿ ಒಂದಾಗಿ ಉಳಿಯಿತು. ಹೊರದೇಶಗಳಲ್ಲಿ ತೊಂಬತ್ತು ನಿಮಿಷಗಳ ಆಟ ನಡೆಯುತ್ತಿದ್ದರೆ ನಮ್ಮಲ್ಲಿ ಬಹುಕಾಲ ಎಪ್ಪತ್ತು ನಿಮಿಷಗಳ ಪಂದ್ಯಗಳೇ ನಡೆದವು. ಜಪಾನ್, ಕೊರಿಯಗಳು ಎಳೆಯರನ್ನು ಕ್ರಮವಾಗಿ ಪಳಗಿಸಿ ಮುಂದೆ ಸಾಗಿದವು. ಕಾಲ್ಚೆಂಡು ಹಾಕಿಯನ್ನು ಮೀರಲಿಲ್ಲ. ಹಾಕಿಯೂ ತನ್ನ ಸ್ಥಾನವನ್ನು ಉಳಿಸಿಕೊಳ್ಳಲಿಲ್ಲ. 1983ರ ವಿಶ್ವಕಪ್ ಗೆಲುವಿನ ತರುವಾಯ ಕ್ರಿಕೆಟ್ ದೇಶದ ಮನಸ್ಸನ್ನು ಪೂರ್ತಿಯಾಗಿ ಗೆದ್ದುಕೊಂಡಿತು.

ಹಾಗಾದರೆ ರಹೀಮರ ದುಡಿಮೆ ವ್ಯರ್ಥವಾಯಿತೇ? ಹಾಗೆ ಹೇಳಲಾಗದು. ಹತ್ತು ಗೋಲುಗಳ ಸೋಲಿನಿಂದ ಒಲಿಂಪಿಕ್‌ನ ನಾಲ್ಕನೆಯ ಸ್ಥಾನಕ್ಕೆ ಏರಲು ಒಂದು ತಂಡಕ್ಕೆ ನಾಲ್ಕೇ ವರ್ಷ ಸಾಕೆಂಬುದನ್ನು ಅವರು ತೋರಿಸಿಕೊಟ್ಟರು. ಪದಕಗಳು ಜನರ ಗಮನವನ್ನು ಸೆಳೆಯುತ್ತವೆ, ನಿಜ. ಆದರೆ ಒಂದು ಆಟ ಬೇರೂರುವುದು ಶಾಲೆಯ ಬಯಲಿನಲ್ಲಿ, ಹುಡುಗನ ಎಡಗಾಲನ್ನು ತಿದ್ದುವ ಗುರುವಿನ ಎದುರಿನಲ್ಲಿ. ಅಂತಹ ಗುರುಗಳು ಒಬ್ಬರ ಹಿಂದೆ ಒಬ್ಬರಂತೆ ಬಂದಿದ್ದರೆ ಈ ಕಥೆಯ ಮುಕ್ತಾಯ ಬೇರೆಯಾಗುತ್ತಿತ್ತೇನೋ. ರಹೀಮರು ದೇಶದ ಮುಂದೆ ಇಟ್ಟ ಪ್ರಶ್ನೆ ಇಂದಿಗೂ ಮೈದಾನದ ಮಧ್ಯದಲ್ಲಿ ಉತ್ತರಕ್ಕಾಗಿ ಕಾದಿದೆ.