ಬೆರಳು ಕೊಟ್ಟ ದೊರೆ, ಬಿಲ್ ಕಟ್ಟುವ ಪಂಚಾಯಿತಿ

ನೃಪತುಂಗನ ಹೆಸರು ಬೆಂಗಳೂರಿನಲ್ಲಿದೆ, ಅವನ ರಾಜಧಾನಿ ಮಳಖೇಡದಲ್ಲಿದೆ. ಬೆಂಗಳೂರು ಆ ಹೆಸರಿಗೆ ಒಂದು ರಸ್ತೆ ಕೊಟ್ಟಿದೆ, ಒಂದು ವಿಶ್ವವಿದ್ಯಾಲಯ ಕೊಟ್ಟಿದೆ. ಬಿಎಂಟಿಸಿಯ ದುಡ್ಡಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಆ ಹೆಸರಲ್ಲೇ ದೊಡ್ಡ ಪ್ರಶಸ್ತಿಯನ್ನೂ ಕೊಡುತ್ತೆ. ಇತ್ತ ಸೇಡಂ ತಾಲೂಕಿನ ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆ ಇದೆ, ನೇಮಿನಾಥ ಬಸದಿ ಇದೆ, ಉತ್ತರಾದಿ ಮಠ ಇದೆ. ಇವನ್ನೆಲ್ಲ ನೋಡೋಕೆ ಬರುವವರಿಗೆ ನೀರು, ಬೀದಿದೀಪ, ಶೌಚಾಲಯ ಒದಗಿಸಿ, ಅವರು ಬಿಟ್ಟುಹೋದ ಕಸ ಎತ್ತಬೇಕಾದ ಒಂದು ಗ್ರಾಮ ಪಂಚಾಯಿತಿಯೂ ಇದೆ.

ಹೆಸರು ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಅನ್ನೋ ಈ ಲೆಕ್ಕ ನ್ಯಾಯವೇ? ಉತ್ತರಕ್ಕಾಗಿ ನಾನು ನೃಪತುಂಗನ ಬದುಕನ್ನೇ ತೆರೆದು ನೋಡುತ್ತೇನೆ. 814ರಿಂದ ಸುಮಾರು 878ರವರೆಗೆ, 60 ವರ್ಷಕ್ಕೂ ಮೀರಿ ಆಳಿದ ಈ ದೊರೆಯನ್ನು ಕೊನೆಯವರೆಗೂ ಕಾಡಿದ್ದು ಇದೇ ಪ್ರಶ್ನೆ: ನಡುವಿನ ಪಟ್ಟಣ ಮತ್ತು ಸುತ್ತಲ ಸೀಮೆ, ಯಾರ ಹೊರೆ ಯಾರು ಹೊರಬೇಕು?

ಅವನು ಹುಟ್ಟಿದ್ದು ಅರಮನೆಯಲ್ಲಲ್ಲ, ದಂಡಿನ ಬೀಡಿನಲ್ಲಿ. ಅಪ್ಪ ಮೂರನೇ ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ಬರುವಾಗ, ನರ್ಮದಾ ತೀರದ ಶ್ರೀಭವನದಲ್ಲಿ, ಸುಮಾರು 800ರಲ್ಲಿ. ಹುಟ್ಟುಹೆಸರು ಶರ್ವ. ಅಮೋಘವರ್ಷ, ನೃಪತುಂಗ ಇವೆಲ್ಲ ಬಿರುದುಗಳು. ಅಪ್ಪ ತೀರಿಕೊಂಡಾಗ ಹುಡುಗನಿಗೆ ಹದಿನಾಲ್ಕರ ಆಸುಪಾಸು. ಗುಜರಾತಿನ ಲಾಟ ಸೀಮೆ ಆಳುತ್ತಿದ್ದ ದಾಯಾದಿ ಅಣ್ಣ ಕರ್ಕ ಅವನ ರಕ್ಷಕನಾಗಿ ನಿಂತ.

ದೊಡ್ಡ ದೊರೆ ಸತ್ತು ಚಿಕ್ಕ ಹುಡುಗ ಕೂತರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಸಾಮಂತರು ಒಬ್ಬರ ಹಿಂದೆ ಒಬ್ಬರು ತಿರುಗಿಬಿದ್ದರು. 818ರ ಹೊತ್ತಿಗೆ ಗದ್ದುಗೆಯೇ ಕೈತಪ್ಪಿತು. 821ರ ವೇಳೆಗೆ ಅದನ್ನು ಮರಳಿ ಗೆದ್ದುಕೊಟ್ಟವನು ಕರ್ಕ. ಅಂದರೆ ನಡುವಿನ ಸಿಂಹಾಸನವನ್ನು ಉಳಿಸಿದ್ದು ಅಂಚಿನ ಸೀಮೆಯ ಸೈನ್ಯ ಮತ್ತು ದುಡ್ಡು.

ಆಮೇಲೆ ಮಾನ್ಯಖೇಟ ಬೆಳೆಯಿತು. ಅದೇ ಇವತ್ತಿನ ಮಳಖೇಡ. 851ರ ಸುಮಾರಿಗೆ ಅರಬ್ ವ್ಯಾಪಾರಿ ಸುಲೈಮಾನನ ಹೆಸರಲ್ಲಿ ಬಂದ ಬರಹ ಜಗತ್ತಿನ ನಾಲ್ವರು ದೊಡ್ಡ ದೊರೆಗಳನ್ನು ಎಣಿಸುತ್ತೆ: ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ಚಕ್ರವರ್ತಿ, ಮತ್ತು ಬಲ್ಹರಾ. ಬಲ್ಹರಾ ಅಂದರೆ ರಾಷ್ಟ್ರಕೂಟರ ವಲ್ಲಭರಾಜ. ಇವತ್ತು ಕಲಬುರಗಿಯಿಂದ 40 ಕಿಲೋಮೀಟರ್ ದೂರದಲ್ಲಿ ಬಸ್ ಇಳಿಯುವ ಊರು ಅಂದು ಬಾಗ್ದಾದಿನ ಜೊತೆ ಒಂದೇ ಸಾಲಿನಲ್ಲಿತ್ತು.

ಇಷ್ಟು ಹೇಳಿ ಹೊಗಳಿಕೆಗೆ ನಿಂತರೆ ಅದು ಶಾಲಾ ಭಾಷಣ. ನೃಪತುಂಗ ಶಾಂತಿಪ್ರಿಯ ಅಂತ ನಾವು ಓದಿದ್ದು ಅರ್ಧ ಸತ್ಯ. ವೆಂಗಿಯ ಚಾಲುಕ್ಯರ ಜೊತೆ ಅವನು ಯುದ್ಧ ಮಾಡಿದ. ಗಂಗರನ್ನು ಹತ್ತಿಕ್ಕಲು ಸೇನಾನಿ ಬಂಕೇಯನನ್ನು ಕಳಿಸಿದ, ಪ್ರತಿಯಾಗಿ ಅವನಿಗೆ ಬನವಾಸಿ ಸೀಮೆ ಕೊಟ್ಟ. ತನ್ನನ್ನು ಉಳಿಸಿದ ಕರ್ಕನ ಮಕ್ಕಳು ಮೊಮ್ಮಕ್ಕಳ ಜೊತೆಗೇ ವರ್ಷಗಟ್ಟಲೆ ಕಾದಾಡಿದ. ಈ ಎಲ್ಲ ದಂಡಯಾತ್ರೆಗಳ ಖರ್ಚು ಬಂದದ್ದು ಉಳುವವರ ಕಣಜದಿಂದ, ಅದನ್ನೂ ಮರೆಯಬಾರದು.

ಆದರೆ ಕತ್ತಿಯಿಂದ ಮಾತ್ರ ಆಗೋದಿಲ್ಲ ಅಂತ ಅವನಿಗೆ ತಿಳಿಯಿತು. ಗಂಗರ ರಾಜಕುಮಾರ ಬೂತುಗನಿಗೆ ಮಗಳನ್ನು ಕೊಟ್ಟು ಬೀಗತನ ಬೆಳೆಸಿದ. ಲಾಟದವರ ಜೊತೆಗೂ ಕೊನೆಗೆ ರಾಜಿಯಾದ. ಅಂಚಿನವರನ್ನು ಹಿಂಡುವ ಬದಲು ಪಾಲುದಾರರನ್ನಾಗಿ ಮಾಡಿಕೊಂಡ ಮೇಲೆಯೇ ಅವನ ರಾಜ್ಯ ಉಸಿರಾಡಿದ್ದು.

ನನಗೆ ಅವನ ಇಡೀ ಚರಿತ್ರೆಯಲ್ಲಿ ಬಹಳ ಮುಖ್ಯ ಅನಿಸುವುದು 860ರ ಒಂದು ದಾನ. ಇವತ್ತಿನ ಗದಗ ಜಿಲ್ಲೆಯ ಕೊಣ್ಣೂರಿನಲ್ಲಿ, ಅಂದಿನ ಕೊಳನೂರಿನಲ್ಲಿ, ಬಂಕೇಯ ಒಂದು ಬಸದಿ ಕಟ್ಟಿಸಿದ್ದ. ಅದರ ಖರ್ಚಿಗೆ ಅಮೋಘವರ್ಷ ತಲೆಯೂರು ಅನ್ನುವ ಇಡೀ ಊರನ್ನು ಬಿಟ್ಟುಕೊಟ್ಟ. ಜೊತೆಗೆ ಬೇರೆ ಬೇರೆ ಹಳ್ಳಿಗಳಲ್ಲೂ ಒಂದಿಷ್ಟು ಭೂಮಿ ಕೊಟ್ಟ. ಬಸದಿ ಇರುವುದು ಒಂದೇ ಊರಿನಲ್ಲಿ, ಅದನ್ನು ಸಾಕಿದ್ದು ಹಲವು ಊರು. ನೆನಪಿಡಿ, ಇದು ಕಟ್ಟೋ ಖರ್ಚಲ್ಲ. ವರ್ಷದಿಂದ ವರ್ಷಕ್ಕೆ ನಡೆಸಿಕೊಂಡು ಹೋಗುವ ಖರ್ಚು.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಹಾಗಾಗಿ ಅವನ ಕಾಲದ ಕವಿಗಳಿಗಿಂತ ಮೊದಲು ಗಣಿತಜ್ಞ ಮಹಾವೀರಾಚಾರ್ಯ ನೆನಪಾಗುತ್ತಾನೆ. ಅವನ ಗಣಿತಸಾರಸಂಗ್ರಹ ಅಮೋಘವರ್ಷನ ಆಳ್ವಿಕೆಯನ್ನು ನೆನೆದೇ ಶುರುವಾಗುತ್ತೆ. ಅದರಲ್ಲಿ ಪ್ರಕ್ಷೇಪಕ ಅಂತ ಒಂದು ಭಾಗ ಇದೆ. ಹಲವರು ಬೇರೆ ಬೇರೆ ಮೊತ್ತ ಹಾಕಿ ಒಂದು ಕೆಲಸ ಮಾಡಿದರೆ ಯಾರ ಪಾಲು ಎಷ್ಟು ಅನ್ನುವ ಲೆಕ್ಕ ಅದು. ನಮ್ಮ ಹಣಕಾಸು ಇಲಾಖೆಗಳು ಸಾವಿರದ ಇನ್ನೂರು ವರ್ಷ ತಡವಾಗಿಯಾದರೂ ಇದನ್ನೊಮ್ಮೆ ಓದಬಹುದು.

ಕವಿರಾಜಮಾರ್ಗವೂ ಇದೇ ಆಸ್ಥಾನದ್ದು. ನೃಪತುಂಗನ ಸಮ್ಮತಿಯಲ್ಲಿ ಶ್ರೀವಿಜಯ ಅದನ್ನು ರಚಿಸಿದ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅನ್ನೋದು ಎಲ್ಲರಿಗೂ ಗೊತ್ತು. ಕನ್ನಡದ ತಿರುಳು ಎಲ್ಲಿದೆ ಅಂತ ಅದೇ ಕೃತಿ ಹೆಸರಿಸುವ ಊರುಗಳು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ಆ ಪಟ್ಟಿಯಲ್ಲಿ ಮಾನ್ಯಖೇಟ ಇಲ್ಲ. ರಾಜಧಾನಿಯ ಆಸ್ಥಾನದಲ್ಲೇ ಕೂತು ಬರೆದ ಪುಸ್ತಕ ನುಡಿಯ ತಿರುಳನ್ನು ಬೇರೆ ಊರುಗಳಲ್ಲಿ ಕಂಡಿತು. ಇವತ್ತಿನ ನಮ್ಮ ರಾಜಧಾನಿಗೆ ಅಷ್ಟು ದೊಡ್ಡ ಮನಸ್ಸಿದೆಯಾ?

ಕೊನೆಗೆ ಬೆರಳಿನ ಕತೆ. 871ರ ಸಂಜಾನ್ ತಾಮ್ರಪಟ ಹೇಳುವ ಪ್ರಕಾರ, ನಾಡಿಗೆ ಆಪತ್ತು ಬಂದಾಗ ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ. ಇದು ಆಸ್ಥಾನದ ಹೊಗಳಿಕೆ, ಹೌದು. ಆದರೂ ಯಾವುದನ್ನು ಹೊಗಳಬೇಕು ಅಂತ ಆಸ್ಥಾನ ಆರಿಸಿಕೊಂಡಿತು ನೋಡಿ. ಊರಿಗೆ ಕಷ್ಟ ಬಂದರೆ ಮೇಲೆ ಕೂತವನು ತನ್ನ ಪಾಲನ್ನು ಮೊದಲು ಕೊಡಬೇಕು ಅನ್ನೋದನ್ನು.

ಸುಮಾರು 878ರಲ್ಲಿ ಅವನ ಆಳ್ವಿಕೆ ಮುಗಿದು, ಮಗ ಎರಡನೇ ಕೃಷ್ಣ ಪಟ್ಟಕ್ಕೆ ಬಂದ. 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷ ತೈಲಪ ರಾಷ್ಟ್ರಕೂಟರನ್ನೇ ಕೊನೆಗಾಣಿಸಿದ. ಹನ್ನೊಂದನೇ ಶತಮಾನದಲ್ಲಿ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಆಮೇಲೆ ಮಳಖೇಡ ದೊಡ್ಡವರ ದಾರಿಯ ಪಕ್ಕದ ಊರಾಗಿ ಉಳಿಯಿತು.

ಈಗ ಲೆಕ್ಕಕ್ಕೆ ಬರೋಣ. ಪ್ರವಾಸಿ 2019ರಲ್ಲಿ ಶುರುವಾದ ಕಲಬುರಗಿ ವಿಮಾನ ನಿಲ್ದಾಣಕ್ಕೆ ಬರುತ್ತಾನೆ, ಇಲ್ಲವೇ ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿಯುತ್ತಾನೆ. ಲಾಡ್ಜ್, ಊಟ, ಕಾರು ಎಲ್ಲ ನಗರದಲ್ಲಿ. ಮಳಖೇಡಕ್ಕೆ ಬಂದು ಎರಡು ತಾಸು ನಿಂತು ವಾಪಸ್ ಹೋಗುತ್ತಾನೆ. ಆದಾಯ ಅಲ್ಲಿ, ಕಸ ಇಲ್ಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆಯಲ್ಲ ಅಂತೀರಿ. ಇಂಥ ಅನುದಾನ ಕಾಮಗಾರಿಗೆ ಬರುತ್ತೆ, ಒಮ್ಮೆ ಬಂದು ಮುಗಿಯುತ್ತೆ. ಕಟ್ಟಿದ್ದನ್ನು ದಿನಾ ಗುಡಿಸುವವರ ಸಂಬಳ ಯಾವ ಕಾಮಗಾರಿಯ ಅಂದಾಜುಪಟ್ಟಿಯಲ್ಲೂ ಇರೋದಿಲ್ಲ.

ಅಮೆರಿಕದ ಡೆನ್ವರ್ ಸುತ್ತಲಿನ ಜನ 1988ರಲ್ಲಿ ಮತ ಹಾಕಿ ಇದಕ್ಕೊಂದು ದಾರಿ ಮಾಡಿಕೊಂಡರು. ನಗರದ ಮ್ಯೂಸಿಯಂ, ಮೃಗಾಲಯ, ಸಸ್ಯೋದ್ಯಾನಕ್ಕೆ ಉಪನಗರದವರೂ ಬರುತ್ತಾರೆ, ಹಾಗಾಗಿ ಇಡೀ ಸೀಮೆ ಮಾರಾಟ ತೆರಿಗೆಯಲ್ಲಿ ಹತ್ತು ಡಾಲರಿಗೆ ಒಂದು ಸೆಂಟ್ ಕೊಡಲಿ ಅಂತ. ನಮ್ಮಲ್ಲಿ ಉಲ್ಟಾ: ನೋಡುವ ಜಾಗ ಹಳ್ಳಿಯಲ್ಲಿ, ದುಡ್ಡು ನಗರದಲ್ಲಿ. ಆದರೆ ಸೂತ್ರ ಅದೇ. ಹಲವು ಊರುಗಳಿಗೆ ಸೇರಿದ ಪರಂಪರೆಯನ್ನು ಒಂದೇ ಸಂಸ್ಥೆ ನೋಡಿಕೊಳ್ಳೋದು ನಮಗೇನೂ ಹೊಸದಲ್ಲ. ಹಂಪಿಗಾಗಿ 2002ರಲ್ಲೇ ಕಾಯ್ದೆ ಮಾಡಿ ಪ್ರಾಧಿಕಾರ ರಚಿಸಿದ್ದೇವೆ.

ಹಾಗಾಗಿ ನನ್ನ ಪ್ರಸ್ತಾವ ಇದು. ಮಳಖೇಡ, ಚಿತ್ತಾಪುರ ತಾಲೂಕಿನ ಸನ್ನತಿ ಮತ್ತು ನಾಗಾವಿ, ಚಿಂಚೋಳಿಯ ವನ್ಯಜೀವಿಧಾಮ, ಇವೆಲ್ಲಕ್ಕೂ ಸೇರಿ ಒಂದು ಸಾಮಾನ್ಯ ನಿರ್ವಹಣಾ ನಿಧಿ. ಕಲಬುರಗಿ ಮಹಾನಗರ ಪಾಲಿಕೆ ದೊಡ್ಡ ಪಾಲು ಹಾಕಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಪಟ್ಟಣಗಳು ತಮ್ಮ ಸ್ವಂತ ತೆರಿಗೆ ಆದಾಯದ ಅನುಪಾತದಲ್ಲಿ ಹಾಕಲಿ. ಸಿಮೆಂಟಿಗಾಗಿ ಈ ನೆಲದ ಸುಣ್ಣದ ಕಲ್ಲು ತೆಗೆಯುವ ಕಂಪನಿಗಳು 2015ರ ಕಾಯ್ದೆಯ ಪ್ರಕಾರ ರಾಯಧನದ 10 ಅಥವಾ 30 ಶೇಕಡಾವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಕುಡಿಯುವ ನೀರು, ನೈರ್ಮಲ್ಯ ಆ ಹಣದ ಆದ್ಯತೆಯ ಬಾಬತ್ತುಗಳೇ. ಗಣಿ ಬಾಧಿತ ಊರುಗಳ ನಲ್ಲಿ, ಶೌಚಾಲಯದ ಖರ್ಚು ಅಲ್ಲಿಂದ ಬರಲಿ. ಉಳಿದದ್ದಕ್ಕೆ ಸಾಮಾನ್ಯ ನಿಧಿ ಸಾಕು.

ತನ್ನ ಚರಂಡಿಯೇ ಕಟ್ಟಿಕೊಂಡಿರುವಾಗ ಶಹಾಬಾದಿನ ಕಲ್ಲುಗಣಿ ಕಾರ್ಮಿಕ ಬೇರೆ ಊರಿನ ಕೋಟೆಗೆ ಯಾಕೆ ಕೊಡಬೇಕು ಅಂತ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಪಾಲು ತಲೆಗೆ ಇಷ್ಟು ಅಂತ ಇರಬಾರದು, ಶಕ್ತಿಗೆ ತಕ್ಕಷ್ಟಿರಬೇಕು. ಆದಾಯ ಇಲ್ಲದ ಊರಿನ ಪಾಲು ಸೊನ್ನೆಯಾದರೂ ಸರಿ, ಸಮಿತಿಯಲ್ಲಿ ಅದರ ಕುರ್ಚಿ ಇರಲಿ.

ಮುಂದಿನ ಬಾರಿ ಯಾವುದಾದರೂ ವೇದಿಕೆಯಲ್ಲಿ ನೃಪತುಂಗನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾಯಕ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: ಮಳಖೇಡದ ನಿರ್ವಹಣೆಗೆ ಈ ವರ್ಷ ನಿಮ್ಮ ಊರಿನ ಪಾಲು ಎಷ್ಟು?