ಕೀರ್ತನಕಾರ ಐಸಕ್ ವಾಟ್ಸನ ಚರಿತ್ರೆ

ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಮಳೆಗಾಲದ ತುಂಗಭದ್ರೆಯನ್ನು ಕಂಡವರಿಗೆ, ಮನುಷ್ಯರ ಆಯುಷ್ಯವನ್ನು ಪ್ರವಾಹಕ್ಕೆ ಹೋಲಿಸುವ 90ನೆಯ ಕೀರ್ತನೆಯ ಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕೀರ್ತನೆಯನ್ನು ಆಂಗ್ಲಭಾಷೆಯ ಗೀತವಾಗಿ ರಚಿಸಿದ ಐಸಕ್ ವಾಟ್ಸನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಇವನು 1674ನೆಯ ಇಸವಿ ಜುಲೈ 17ರಂದು ಇಂಗ್ಲೆಂಡಿನ ಸೌತಾಂಪ್ಟನ್ ಪಟ್ಟಣದಲ್ಲಿ ಜನಿಸಿದನು. ರಾಜಸಮ್ಮತವಾದ ಸಭೆಯನ್ನು ಸೇರದೆ ಮನಸ್ಸಾಕ್ಷಿಯಂತೆ ನಡೆದ ಕಾರಣ ಇವನ ತಂದೆಯು ಸೆರೆಮನೆಯನ್ನು ಅನುಭವಿಸಿದನು. ಮಗನು ಬಾಲ್ಯದಲ್ಲಿಯೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತನು. ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕೆ ದ್ರವ್ಯಸಹಾಯವು ದೊರೆಯುವಂತಿತ್ತು. ಆದರೆ ಅದಕ್ಕಾಗಿ ತಂದೆಯ ಸಭೆಯನ್ನು ತೊರೆಯಬೇಕಾಗಿದ್ದುದರಿಂದ ಅವನು ಅದನ್ನು ಒಲ್ಲೆನೆಂದನು.

ಆ ಕಾಲದಲ್ಲಿ ಕೀರ್ತನೆಗಳ ಹಳೆಯ ಪದ್ಯಾನುವಾದವನ್ನು ಒಬ್ಬನು ಸಾಲುಸಾಲಾಗಿ ಓದುತ್ತಿರಲು, ಸಭೆಯವರು ಎಳೆದೆಳೆದು ಹಾಡುತ್ತಿದ್ದರು. ಬಾಯಿ ಹಾಡಿದರೂ ಹೃದಯವು ಸುಮ್ಮನಿರುತ್ತಿತ್ತು. ತರುಣನಾದ ವಾಟ್ಸನು ಇದನ್ನು ಕುರಿತು ದೂರಲು, ಇದಕ್ಕಿಂತ ಉತ್ತಮವಾದುದನ್ನು ನೀನೇ ರಚಿಸೆಂದು ತಂದೆಯು ಹೇಳಿದನಂತೆ. ಮಗನು ದೂರುವುದನ್ನು ಬಿಟ್ಟು ರಚಿಸತೊಡಗಿದನು.

1702ರಲ್ಲಿ ಅವನು ಲಂಡನಿನ ಒಂದು ಸಭೆಗೆ ಪಾಲಕನಾದನು. ಆದರೆ ಕಠಿಣವಾದ ವ್ಯಾಧಿಯು ಅವನನ್ನು ಬಾಧಿಸಲು, 1712ರಲ್ಲಿ ಸರ್ ಥಾಮಸ್ ಆಬ್ನಿ ಎಂಬ ಶ್ರೀಮಂತನು ತನ್ನ ಮನೆಗೆ ಕರೆದುಕೊಂಡನು. ಅತಿಥಿಯಾಗಿ ಹೋದವನು 36 ವರ್ಷ ಅಲ್ಲಿಯೇ ಉಳಿದನು. ದೇಹವು ಕುಗ್ಗಿದರೂ ಲೇಖನಿಯು ಕುಗ್ಗಲಿಲ್ಲ. 1715ರಲ್ಲಿ ಮಕ್ಕಳ ಗೀತೆಗಳನ್ನೂ 1719ರಲ್ಲಿ ಕೀರ್ತನೆಗಳ ಗೀತರೂಪವನ್ನೂ ಪ್ರಕಟಿಸಿದನು. ಒಂಬತ್ತು ನುಡಿಗಳುಳ್ಳ 90ನೆಯ ಕೀರ್ತನೆಯ ಗೀತವು ಈ ಎರಡನೆಯ ಗ್ರಂಥದಲ್ಲಿದೆ. 1748ನೆಯ ನವೆಂಬರ್ 25ರಂದು ಅವನು ಕಾಲವಾದನು.

ಜಾನ್ ವೆಸ್ಲಿಯು 1791ರಲ್ಲಿ ತನ್ನ ಮರಣಶಯ್ಯೆಯಲ್ಲಿ ಹಾಡಿದುದು ವಾಟ್ಸನು ರಚಿಸಿದ 146ನೆಯ ಕೀರ್ತನೆಯನ್ನೇ. ಆ ವೆಸ್ಲಿಯ ಅನುಯಾಯಿಗಳೇ ಮುಂದೆ ನಮ್ಮ ಮೈಸೂರು ಸೀಮೆಗೆ ಬಂದು ಪಾಠಶಾಲೆಗಳನ್ನು ನಡಿಸಿದರು.

90ನೆಯ ಕೀರ್ತನೆಯ ಗೀತಕ್ಕೆ ಇಂದು ಹೊಂದಿರುವ ರಾಗವು ವಿಲಿಯಂ ಕ್ರಾಫ್ಟನದೆಂದು ಹೇಳುವರು. ಅದು 1708ರಲ್ಲಿಯೇ ಅಚ್ಚಾಗಿತ್ತು. ಇವೆರಡೂ 1861ರ ಒಂದು ಗೀತಸಂಗ್ರಹದಲ್ಲಿ ಜತೆಗೂಡಿ ಲೋಕಪ್ರಸಿದ್ಧವಾದವು. ಅದನ್ನು ನಾಲ್ಕು ಧ್ವನಿಗಳಲ್ಲಿ ಹಾಡುವರು: ಸ್ತ್ರೀಯರದು ಎರಡು, ಪುರುಷರದು ಎರಡು. ನುಡಿಯೊಂದೇ, ಸ್ವರಗಳು ಬೇರೆ ಬೇರೆ. ಮೇಲಿನ ಧ್ವನಿಗೆ ರಾಗವು ಸೇರಿದ್ದರೂ, ಕೆಳಗಿನ ಮೂರು ಧ್ವನಿಗಳಲ್ಲಿ ಒಂದು ತಪ್ಪಿದರೆ ಸಾಮರಸ್ಯವೇ ಕೆಡುವುದು.

ಸಹೋದರಿಯರೇ, ಹಾಡುವವರು ತಾವು ಹಾಡುವುದನ್ನು ಅರಿತಿರಬೇಕೆಂಬುದಕ್ಕಾಗಿ ಒಬ್ಬ ರೋಗಿಯು ತನ್ನ ಆಯುಷ್ಯವನ್ನು ಸವೆಸಿದನು. ಗಾನದ ತರಗತಿಯಲ್ಲಿ ನಿಮ್ಮ ಪಾಲಿಗೆ ಕೆಳಗಿನ ಧ್ವನಿಯು ಬಂದರೂ ಬೇಸರಪಡದೆ, ಅರ್ಥವನ್ನು ತಿಳಿದು ಹಾಡಿರಿ.