ಪರದೆಯೊಳಗೆ ಕುಳಿತು ಹಾರುವ ಗಾಡಿಯ ಕನಸು ಕಂಡಾಕೆ: ಇವರೇ ಬೇಗಂ ರೊಕೆಯಾ

1905ರಲ್ಲಿ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಝಿನ್' ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ವಿಚಿತ್ರ ಕಥೆ ಬಂತು. ಹೆಸರು 'ಸುಲ್ತಾನಾಸ್ ಡ್ರೀಮ್'. ಆ ಕಥೆಯ ನಾಡಿನಲ್ಲಿ ಹೆಂಗಸರು ಬೀದಿಯಲ್ಲಿ ನಿರ್ಭಯವಾಗಿ ಓಡಾಡುತ್ತಾರೆ, ಗಂಡಸರು ಮನೆಯೊಳಗೆ ಪರದೆಯಲ್ಲಿರುತ್ತಾರೆ. ಅಡುಗೆಮನೆಯಲ್ಲಿ ಹೊಗೆಯೇ ಇಲ್ಲ, ಸೂರ್ಯನ ಶಾಖದಲ್ಲಿ ಅನ್ನ ಬೇಯುತ್ತದೆ. ನೀರನ್ನು ಮೋಡದಿಂದ ನೇರವಾಗಿ ಇಳಿಸಿಕೊಳ್ಳುತ್ತಾರೆ. ಓಡಾಟಕ್ಕೆ ಹಾರುವ ಗಾಡಿ. ಶತ್ರು ಸೈನ್ಯ ನುಗ್ಗಿದಾಗ ಗಂಡಸರ ಸೇನೆ ಸೋಲುತ್ತದೆ, ವಿಶ್ವವಿದ್ಯಾಲಯದ ಹೆಂಗಸರು ಬಿಸಿಲನ್ನೇ ಆಯುಧ ಮಾಡಿ ಗೆಲ್ಲುತ್ತಾರೆ. ರೈಟ್ ಸಹೋದರರು ವಿಮಾನ ಹಾರಿಸಿ ಆಗಿನ್ನೂ ಎರಡೇ ವರ್ಷ!

ಇದನ್ನು ಬರೆದ ರೊಕೆಯಾ ಸಖಾವತ್ ಹುಸೇನ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1880ರಲ್ಲಿ ಇಂದಿನ ಬಾಂಗ್ಲಾದೇಶದ ರಂಗಪುರದ ಬಳಿ, ಪೈರಾಬಂದ್ ಎಂಬ ಊರಿನ ಜಮೀನ್ದಾರರ ಮನೆಯಲ್ಲಿ ಹುಟ್ಟಿದರು. ತಂದೆ ಹಲವು ಭಾಷೆ ಬಲ್ಲವರು, ಆದರೂ ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಕಲಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ಕದ್ದುಮುಚ್ಚಿ ಇಂಗ್ಲಿಷ್ ಹೇಳಿಕೊಟ್ಟರು.

ಹದಿಹರೆಯದಲ್ಲೇ ಮದುವೆ. ಪತಿ ಸಖಾವತ್ ಹುಸೇನ್ ಭಾಗಲಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ವಯಸ್ಸಿನಲ್ಲಿ ಬಹಳ ದೊಡ್ಡವರಾದರೂ ಹೆಂಡತಿಯ ಓದಿಗೆ ಅವರೇ ಬೆಂಬಲ. ಪತಿ ಪ್ರವಾಸ ಹೋಗಿದ್ದಾಗ ಹೊತ್ತು ಕಳೆಯಲು ಬರೆದ ಕಥೆಯಿದು. ಮರಳಿ ಬಂದ ಅವರು ಕೂರುವುದನ್ನೂ ಮರೆತು, ನಿಂತಲ್ಲೇ ಪೂರ್ತಿ ಓದಿ ಮುಗಿಸಿದರಂತೆ.

1909ರಲ್ಲಿ ಸಖಾವತ್ ತೀರಿಕೊಂಡರು. ಅದೇ ವರ್ಷ ರೊಕೆಯಾ ಪತಿಯ ಹೆಸರಿನಲ್ಲಿ ಭಾಗಲಪುರದಲ್ಲಿ ಐದು ಹುಡುಗಿಯರಿಗಾಗಿ ಶಾಲೆ ತೆರೆದರು. ಆಸ್ತಿಯ ಜಗಳದಿಂದ ಊರು ಬಿಡಬೇಕಾಯಿತು. 1911ರಲ್ಲಿ ಕೋಲ್ಕತ್ತಾದಲ್ಲಿ ಎಂಟು ಹುಡುಗಿಯರೊಂದಿಗೆ ಮತ್ತೆ ಶುರು.

ಕಥೆಯಲ್ಲಿ ಗಾಡಿ ಹಾರಿಸುವುದು ಸುಲಭವಿತ್ತು, ಕೋಲ್ಕತ್ತಾದಲ್ಲಿ ಶಾಲೆಯ ಬಸ್ ಓಡಿಸುವುದೇ ಕಷ್ಟ. ಪರದೆ ಇಲ್ಲದಿದ್ದರೆ ಮಕ್ಕಳನ್ನು ಕಳಿಸುವವರಿಲ್ಲ. ಹಾಗಾಗಿ ಗಾಳಿಯಾಡದಂತೆ ಬಸ್ಸನ್ನು ಮುಚ್ಚಿದರು. ಒಳಗೆ ಪುಟ್ಟ ಹುಡುಗಿಯರು ಸೆಕೆಗೆ ವಾಂತಿ ಮಾಡಿದರು, ಮೂರ್ಛೆ ಹೋದರು. ಮುಚ್ಚಳ ತೆಗೆದು ಬಟ್ಟೆಯ ಪರದೆ ಕಟ್ಟಿಸಿದರೆ, ಗಾಳಿಗೆ ಪರದೆ ಹಾರುತ್ತದೆಂದು ಬೆದರಿಕೆ ಪತ್ರಗಳು ಬಂದವು. ಈ ಪ್ರಸಂಗವನ್ನು ರೊಕೆಯಾ ತಮ್ಮ 'ಅವರೋಧವಾಸಿನಿ' ಪುಸ್ತಕದಲ್ಲಿ ದಾಖಲಿಸಿದ್ದಾರೆ. ಎಲ್ಲ ಬಂಧನಗಳನ್ನೂ ಕಾಗದದ ಮೇಲೆ ಕಿತ್ತೆಸೆದಿದ್ದ ಲೇಖಕಿ, ಶಾಲೆ ಉಳಿಯಲೆಂದು ಸ್ವತಃ ಪರದೆ ಪಾಲಿಸಿದರು. ಇದನ್ನು ರಾಜಿ ಎನ್ನುವವರಿದ್ದಾರೆ. ಆದರೆ ಮನೆಮನೆಗೆ ಹೋಗಿ ಪೋಷಕರನ್ನು ಒಪ್ಪಿಸುತ್ತಿದ್ದ ಹೆಂಗಸಿಗೆ ಬೇರೆ ದಾರಿ ಎಲ್ಲಿತ್ತು?

1932ರ ಡಿಸೆಂಬರ್ 9ರಂದು ರೊಕೆಯಾ ನಿಧನರಾದರು. ಮಹಿಳೆಯರ ಹಕ್ಕಿನ ಬಗ್ಗೆ ಅವರು ಬರೆಯುತ್ತಿದ್ದ ಲೇಖನ ಅರ್ಧಕ್ಕೇ ನಿಂತಿತ್ತು. ಬಾಂಗ್ಲಾದೇಶ ಆ ದಿನವನ್ನು ಪ್ರತಿವರ್ಷ ರೊಕೆಯಾ ದಿನವಾಗಿ ಆಚರಿಸುತ್ತದೆ. ಕೋಲ್ಕತ್ತಾದ ಲಾರ್ಡ್ ಸಿನ್ಹಾ ರಸ್ತೆಯಲ್ಲಿ ಸಖಾವತ್ ಮೆಮೋರಿಯಲ್ ಶಾಲೆ ಈಗಲೂ ನಡೆಯುತ್ತಿದೆ, ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಾಗಿ.